ಕೈ ಸುಮ್ಮನಿರಲಿ, ಕಣ್ಣು ಎಚ್ಚರವಿರಲಿ: ಹಿತ್ತಲಿನಲ್ಲಿ ವು ವೇ

ಚೀನಾದ ತಾಂಗ್ ರಾಜರ ಕಾಲದಲ್ಲಿ ಲಿಯು ತ್ಸೋಂಗ್‌ಯುವಾನ್ (773–819) ಎಂಬ ದೊಡ್ಡ ಗದ್ಯಲೇಖಕನಿದ್ದ. ಅವನ ಒಂದು ಪುಟ್ಟ ಬರಹದ ನಾಯಕ ಗುವೋ ಎಂಬ ತೋಟಗಾರ. ಬೆನ್ನು ಗೂನಾಗಿದ್ದರಿಂದ ಊರವರು ಅವನನ್ನು ಒಂಟೆ ಎಂದೇ ಕರೆಯುತ್ತಿದ್ದರು. ರಾಜಧಾನಿ ಚಾಂಗಾನ್‌ನ ಸಿರಿವಂತರೂ ಹಣ್ಣಿನ ವ್ಯಾಪಾರಿಗಳೂ ಅವನನ್ನು ಕರೆಸಿಕೊಳ್ಳಲು ನಾ ಮುಂದು ತಾ ಮುಂದು ಎನ್ನುತ್ತಿದ್ದರು. ಏಕೆಂದರೆ ಅವನು ನೆಟ್ಟ ಮರ ಸಾಯುತ್ತಿರಲಿಲ್ಲ. ಬೇರೆಡೆಗೆ ಕಿತ್ತು ನೆಟ್ಟರೂ ಚಿಗುರುತ್ತಿತ್ತು, ಬೇಗ ಹಣ್ಣು ಬಿಡುತ್ತಿತ್ತು. ಉಳಿದ ತೋಟಗಾರರು ಕದ್ದು ನೋಡಿ ಅವನಂತೆಯೇ ಮಾಡಿದರೂ ಅವನ ಸಮಕ್ಕೆ ಬರಲಿಲ್ಲ.

ಗುಟ್ಟು ಕೇಳಿದವರಿಗೆ ಗುವೋ ಕೊಡುವ ಉತ್ತರದ ಸಾರ ಇಷ್ಟು. ಮರವನ್ನು ಬದುಕಿಸುವ ಶಕ್ತಿ ತನಗಿಲ್ಲ. ನೆಡುವಾಗ ಬೇರು ಚಾಚಿಕೊಳ್ಳಲು ಜಾಗ ಕೊಡುತ್ತಾನೆ, ಅದರ ಹಳೆಯ ಮಣ್ಣನ್ನೇ ಹಾಕುತ್ತಾನೆ, ಬಿಗಿಯಾಗಿ ತುಳಿಯುತ್ತಾನೆ. ಆ ಹೊತ್ತಿನಲ್ಲಿ ಅವನಷ್ಟು ಜತನದವರು ಇನ್ನೊಬ್ಬರಿಲ್ಲ. ಆಮೇಲೆ ಅದನ್ನು ಅಲುಗಿಸುವುದಿಲ್ಲ, ಅದರ ಚಿಂತೆ ಹಚ್ಚಿಕೊಳ್ಳುವುದಿಲ್ಲ. ಉಳಿದವರು ಬೆಳಿಗ್ಗೆ ಬಂದು ನೋಡುತ್ತಾರೆ, ಸಂಜೆ ಬಂದು ಮುಟ್ಟುತ್ತಾರೆ. ಜೀವ ಇದೆಯೋ ಎಂದು ತೊಗಟೆ ಕೆರೆಯುತ್ತಾರೆ, ಮಣ್ಣು ಬಿಗಿದಿದೆಯೋ ಎಂದು ಕಾಂಡ ಅಲ್ಲಾಡಿಸುತ್ತಾರೆ. ಪ್ರೀತಿಯಿಂದ ಮಾಡುವ ಈ ಉಪಚಾರವೇ ಗಿಡಕ್ಕೆ ಮುಳುವಾಗುತ್ತದೆ. ಹಳ್ಳಿಗಳ ಮೇಲೆ ದಿನಕ್ಕೊಂದು ಆಜ್ಞೆ ಹೊರಡಿಸಿ ರೈತರನ್ನು ಕೆಲಸ ಮಾಡಗೊಡದ ಅಧಿಕಾರಿಗಳೂ ಹೀಗೇ ಎಂದು ಗುವೋ ಕೊನೆಯಲ್ಲಿ ಹೇಳುತ್ತಾನೆ.

ಗುವೋನ ಈ ನಡೆಯ ಹಿಂದೆ ಇರುವುದು ತಾವೋ ಚಿಂತನೆಯ ಹಳೆಯ ತತ್ತ್ವ, ವು ವೇ, ಅಂದರೆ ‘ಮಾಡದಿರುವಿಕೆ’. ಲಾವೋತ್ಸೆಯ ಹೆಸರಿನಲ್ಲಿ ಉಳಿದು ಬಂದಿರುವ 81 ಅಧ್ಯಾಯಗಳ ‘ತಾವೋ ತೇ ಚಿಂಗ್’ ಇದರ ಮುಖ್ಯ ಆಕರ. 1993ರಲ್ಲಿ ಗುವೋದಿಯಾನ್ ಎಂಬಲ್ಲಿ ಒಂದು ಹಳೆಯ ಸಮಾಧಿಯನ್ನು ಅಗೆದಾಗ ಆ ಗ್ರಂಥದ ಭಾಗಗಳನ್ನು ಬರೆದಿದ್ದ ಬಿದಿರು ಪಟ್ಟಿಗಳು ಸಿಕ್ಕವು. ಅವು ಕ್ರಿ.ಪೂ. 300ರ ಆಸುಪಾಸಿನವು. ಅಷ್ಟು ಹಿಂದಿನಿಂದಲೂ ಜನ ಬರೆದಿಟ್ಟುಕೊಂಡು ಓದುತ್ತ ಬಂದ ವಿಚಾರ ಇದು: ಪ್ರತಿಯೊಂದಕ್ಕೂ ತನ್ನದೇ ಆದ ಬೆಳವಣಿಗೆಯ ದಾರಿ ಇದೆ, ಆ ದಾರಿಗೆ ಅಡ್ಡ ನಿಂತು ಒತ್ತಾಯಿಸುವ ಕೆಲಸ, ಎಷ್ಟೇ ಶ್ರದ್ಧೆಯಿಂದ ಮಾಡಿದರೂ, ಕೆಡಿಸುವ ಕೆಲಸ.

ಇದನ್ನು ಸೋಮಾರಿತನದ ಸಮರ್ಥನೆ ಎಂದುಕೊಳ್ಳುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಆದರೆ ವು ವೇ ಕೆಲಸವನ್ನು ಬೇಡವೆನ್ನುವುದಿಲ್ಲ, ಕೆಲಸದಲ್ಲಿರುವ ಬಲವಂತವನ್ನು ಬೇಡವೆನ್ನುತ್ತದೆ. ನಾನು ಕೈ ಹಾಕಿದ ಮೇಲೆ ಆ ಜೀವದ ಸ್ವಂತ ಚಲನೆ ಹೆಚ್ಚಿತೋ ಅಥವಾ ನಿಂತಿತೋ ಎಂಬುದು ಅದರ ಪರೀಕ್ಷೆ. ಗುವೋ ಮಣ್ಣು ತುಳಿದಾಗ ಬೇರಿಗೆ ಹಿಡಿತ ಸಿಕ್ಕಿತು. ಉಳಿದವರು ಕಾಂಡ ಅಲ್ಲಾಡಿಸಿದಾಗ ಆ ಹಿಡಿತ ತಪ್ಪಿತು.

ಇದೇ ಪರಂಪರೆಯ ಚುವಾಂಗ್ತ್ಸುವಿನ ಗ್ರಂಥದಲ್ಲಿ ಇನ್ನೊಂದು ಕಥೆ ಇದೆ. ದಕ್ಷಿಣ ಸಮುದ್ರದ ಅರಸನೂ ಉತ್ತರ ಸಮುದ್ರದ ಅರಸನೂ ಆಗಾಗ ನಡುನಾಡಿನ ಅರಸ ಹುನ್‌ದುನ್ ಬಳಿಗೆ ಹೋಗುತ್ತಿದ್ದರು. ಅವನು ಅವರನ್ನು ಚೆನ್ನಾಗಿ ಸತ್ಕರಿಸುತ್ತಿದ್ದ. ಆದರೆ ಅವನಿಗೆ ಕಣ್ಣು, ಕಿವಿ, ಮೂಗು, ಬಾಯಿ ಯಾವುದೂ ಇರಲಿಲ್ಲ. ಉಪಕಾರ ತೀರಿಸಬೇಕೆಂದು ಇಬ್ಬರೂ ಸೇರಿ ದಿನಕ್ಕೊಂದರಂತೆ ಅವನಿಗೆ ರಂಧ್ರ ಕೊರೆಯತೊಡಗಿದರು. ಏಳನೆಯ ದಿನ ಏಳೂ ರಂಧ್ರಗಳು ಮುಗಿದವು, ಹುನ್‌ದುನ್ ಸತ್ತುಹೋದ. ಅವರಲ್ಲಿ ಕೇಡು ಬಗೆಯುವ ಮನಸ್ಸಿರಲಿಲ್ಲ. ರೂಪವಿಲ್ಲದ್ದಕ್ಕೆ ತಮ್ಮ ರೂಪ ಕೊಡಬೇಕೆಂಬ ಆಸೆಯೊಂದೇ ಇತ್ತು.

ನಮ್ಮ ಮನೆಗಳ ಹಿತ್ತಲನ್ನು ‘ಚೊಕ್ಕ’ ಮಾಡುವಾಗ ನಡೆಯುವುದೂ ಇದೇ. ಉದುರಿದ ಎಲೆಯನ್ನೆಲ್ಲ ಗುಡಿಸಿ ಸುಡುತ್ತೇವೆ, ಒಣಕೊಂಬೆ ಕಡಿಯುತ್ತೇವೆ, ಹೂ ಬಿಟ್ಟ ಸಬ್ಬಸಿಗೆಯನ್ನು ಕೀಳುತ್ತೇವೆ, ಮಣ್ಣು ಕಾಣುವಲ್ಲೆಲ್ಲ ಸಿಮೆಂಟ್ ಹಾಕುತ್ತೇವೆ. ಒಂದೊಂದೂ ಸಣ್ಣ ಕೆಲಸ, ಒಂದೊಂದೂ ಒಂದು ರಂಧ್ರ. ಉದುರೆಲೆಯ ತೇವದಲ್ಲಿ ಮಿಂಚುಹುಳದ ಮರಿ ಬಸವನಹುಳುಗಳನ್ನು ತಿಂದು ಬೆಳೆಯುತ್ತದೆ. ಒಣಕೊಂಬೆಯಲ್ಲಿ ಕುಟ್ರಹಕ್ಕಿ ಗೂಡು ಕೊರೆಯುತ್ತದೆ, ಕಪ್ಪು ಭ್ರಮರ ಸುರಂಗ ತೋಡಿ ಮೊಟ್ಟೆ ಇಡುತ್ತದೆ. ಬರಿಮಣ್ಣಿನಲ್ಲಿ ಒಂಟಿಯಾಗಿ ಬದುಕುವ ಹಲವು ಬಗೆಯ ಜೇನ್ನೊಣಗಳ ಬಿಲ ಇರುತ್ತದೆ. ಸಬ್ಬಸಿಗೆ, ಕೊತ್ತಂಬರಿಯ ಸಣ್ಣ ಹೂವಿಗೆ ಹೂನೊಣಗಳು ಬರುತ್ತವೆ. ಅವುಗಳಲ್ಲಿ ಅನೇಕ ಜಾತಿಗಳ ಮರಿಗಳು ಗಿಡಹೇನನ್ನು ತಿನ್ನುತ್ತವೆ. ಇವೆಲ್ಲವನ್ನೂ ತೆಗೆದ ಮೇಲೆ ಹೇನು ಹೆಚ್ಚಾಯಿತೆಂದು ಔಷಧಿ ಸಿಂಪಡಿಸುವುದು ಇನ್ನೊಂದು ರಂಧ್ರ.

ತಡೆಯದೆ ಬಿಟ್ಟ ಹಿತ್ತಲಿನಲ್ಲಿ ನಾವು ‘ಹಾನಿ’ ಎನ್ನುವುದರ ಅರ್ಥವೇ ಬದಲಾಗುತ್ತದೆ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂಬಳಿಹುಳು ನಿಂಬೆ ಚಿಟ್ಟೆಯದೋ ಅದರ ಹತ್ತಿರದ ಬಂಧುವಿನದೋ ಆಗಿರುತ್ತದೆ. ಬೆಳೆದಂತೆ ಅದು ಹಸಿರಾಗಿ ಎಲೆಯಲ್ಲಿ ಮರೆಯಾಗುತ್ತದೆ. ಎಕ್ಕದ ಎಲೆಯನ್ನು ಬೋಳಿಸುವ ಹುಳು ಮುಂದೆ ಕೇಸರಿ ಬಣ್ಣದ ಚಿಟ್ಟೆಯಾಗಿ ಹಾರುತ್ತದೆ. ಗುಲಾಬಿ ಎಲೆಯ ಅಂಚಿನಲ್ಲಿ ದುಂಡಗೆ ಕತ್ತರಿಸಿದ ಗುರುತು ಒಂದು ಜೇನ್ನೊಣದ ಕೆಲಸ. ಆ ಎಲೆತುಂಡುಗಳಿಂದ ಅದು ಮರಿಗೆ ತೊಟ್ಟಿಲು ಕಟ್ಟುತ್ತದೆ. ಅಗಲ ಎಲೆಯ ಪೊದೆಯಲ್ಲಿ ಟುವ್ವಿ ಹಕ್ಕಿ ನಾರು, ಜೇಡನ ನೂಲಿನಿಂದ ಎಲೆಗಳನ್ನು ಹೊಲಿದು ಗೂಡು ಮಾಡುತ್ತದೆ. ಸೂರಕ್ಕಿಗೂ ತೂಗುಗೂಡು ಕಟ್ಟಲು ಜೇಡರಬಲೆ ಬೇಕು. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮರಿಗಳಿಗೆ ಉಣಿಸುವುದು ಹುಳುಗಳನ್ನು. ಹುಳು ಬೇಡ, ಹಕ್ಕಿ ಬೇಕು ಎಂದರೆ ನಡೆಯುವುದಿಲ್ಲ. ತೂತು ಬಿದ್ದ ಎಲೆ ಹಿತ್ತಲು ಸೋತ ಗುರುತಲ್ಲ, ಅಲ್ಲಿ ಯಾರೋ ಉಂಡ ಗುರುತು.

ಹಾಗಾದರೆ ಎಲ್ಲವನ್ನೂ ಬಿಟ್ಟು ಕೂತರೆ ಸಾಕೇ? ವು ವೇಯನ್ನು ಪರಿಚಯಿಸುವವರು ಉತ್ತರಿಸಲೇಬೇಕಾದ ಪ್ರಶ್ನೆ ಇದು. ಜಪಾನಿನ ಮಸನೊಬು ಫುಕುವೋಕ (1913–2008) ಇದಕ್ಕೆ ತಮ್ಮ ಬದುಕಿನಿಂದಲೇ ಉತ್ತರ ಕಂಡುಕೊಂಡರು. ಯೊಕೊಹಾಮದಲ್ಲಿ ಸಸ್ಯರೋಗ ತಪಾಸಣೆಯ ಸರ್ಕಾರಿ ಕೆಲಸದಲ್ಲಿದ್ದ ಅವರಿಗೆ ಯೌವನದಲ್ಲೇ ಮನುಷ್ಯನ ಜ್ಞಾನ, ಪ್ರಯತ್ನಗಳೆಲ್ಲ ನಿರರ್ಥಕ ಎಂಬ ಅರಿವಾಯಿತು. ಕೆಲಸ ಬಿಟ್ಟು ಶಿಕೊಕು ದ್ವೀಪದ ತಮ್ಮೂರಿಗೆ ಮರಳಿ, ತಂದೆಯ ಕಿತ್ತಳೆ ತೋಟಕ್ಕೆ ಕೈ ಹಚ್ಚದೆ ಬಿಟ್ಟರು. ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡವು, ಕೀಟಗಳು ಮುತ್ತಿದವು, ಮರಗಳು ಒಣಗಿದವು. ವರ್ಷವರ್ಷವೂ ಕತ್ತರಿಸಿ ರೂಪ ಕೊಟ್ಟ ಮರ ತನ್ನ ಸಹಜ ಆಕಾರ ಕಳೆದುಕೊಂಡಿರುತ್ತದೆ. ಏಕಾಏಕಿ ಕೈಬಿಟ್ಟರೆ ಅದು ಸಹಜತೆಗೆ ಮರಳುವುದಿಲ್ಲ ಎಂಬುದು ಅವರಿಗೆ ಆಗ ತಿಳಿಯಿತು. ಮುಂದೆ ಅವರು ಉಳುಮೆ, ರಾಸಾಯನಿಕ ಗೊಬ್ಬರ, ಕೀಟನಾಶಕಗಳಿಲ್ಲದೆ ಬೆಳೆ ತೆಗೆದರು. ಆದರೆ ಯಾವ ಬೀಜವನ್ನು ಯಾವಾಗ ಚೆಲ್ಲಬೇಕು, ನೆಲಕ್ಕೆ ಹುಲ್ಲನ್ನು ಹೇಗೆ ಹೊದಿಸಬೇಕು, ಮರಗಳ ನಡುವೆ ಯಾವ ಸಸ್ಯ ಇರಬೇಕು ಎಂಬುದನ್ನು ದಶಕಗಳ ಕಾಲ ನೋಡಿ ನೋಡಿ ಕಲಿತರು. 1975ರಲ್ಲಿ ಪ್ರಕಟವಾದ, ‘ಒಂದು ಹುಲ್ಲುಕಡ್ಡಿಯ ಕ್ರಾಂತಿ’ ಎಂಬ ಅರ್ಥದ ಹೆಸರಿನ ಅವರ ಪುಸ್ತಕ ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರಂಥ ಕೃಷಿಕರಿಗೂ ಪ್ರೇರಣೆಯಾಯಿತು. 1988ರಲ್ಲಿ ಫುಕುವೋಕ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಅಂದರೆ ನಿರ್ಲಕ್ಷ್ಯ ಬೇರೆ, ವು ವೇ ಬೇರೆ. ನಿರ್ಲಕ್ಷ್ಯದಲ್ಲಿ ಕೈಯೂ ಸುಮ್ಮನಿರುತ್ತದೆ, ಕಣ್ಣೂ ಮುಚ್ಚಿರುತ್ತದೆ. ವು ವೇಯಲ್ಲಿ ಕೈ ಸುಮ್ಮನಿದ್ದಷ್ಟೂ ಕಣ್ಣು ಚುರುಕಾಗುತ್ತದೆ. ಕನ್‌ಫ್ಯೂಶಿಯಸ್ ಪರಂಪರೆಯ ಮೆನ್ಸಿಯಸ್ ಕೂಡ ಈ ಎರಡು ಅತಿಗಳನ್ನು ಗುರುತಿಸಿದ್ದ. ಪೈರು ಬೇಗ ಬೆಳೆಯಲೆಂದು ಒಂದೊಂದನ್ನೇ ಮೇಲಕ್ಕೆಳೆದು ಒಣಗಿಸಿದ ಸೋಂಗ್ ನಾಡಿನ ರೈತನ ಕಥೆ ಹೇಳಿ, ಕಳೆ ತೆಗೆಯದೆ ಹೊಲ ಬಿಟ್ಟವನನ್ನೂ ಅದೇ ಉಸಿರಿನಲ್ಲಿ ಟೀಕಿಸಿದ.

ನಮ್ಮ ಹಿತ್ತಲಿನಲ್ಲಿ ಈ ವಿವೇಕಕ್ಕೆ ನಿತ್ಯವೂ ಕೆಲಸವಿದೆ. ಪಾರ್ಥೇನಿಯಂ ಬಂದರೆ ಹೂ ಬಿಡುವ ಮೊದಲೇ ಕೀಳಬೇಕು. ಲಂಟಾನವನ್ನೂ ಹಬ್ಬಲು ಬಿಡಬಾರದು. 19ನೇ ಶತಮಾನದ ಆರಂಭದಲ್ಲಿ ಉದ್ಯಾನದ ಅಲಂಕಾರಕ್ಕೆಂದು ಭಾರತಕ್ಕೆ ಬಂದ ಗಿಡ ಅದು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಉಳಿದ ಗಿಡಗಳಿಗೆ ನೆಲವೇ ಸಿಗದಂತೆ ಮಾಡಿದೆ. ಉಳಿದೆಲ್ಲದರ ಚಲನೆಯನ್ನು ನಿಲ್ಲಿಸುವುದನ್ನು ತಡೆಯುವುದು ಬಲವಂತವಲ್ಲ. ಹಾಗೆಯೇ ನೀರು ನಿಂತು ಡೆಂಗಿ ಸೊಳ್ಳೆಗೆ ತಾಣವಾಗಬಾರದು. ಹಕ್ಕಿಗಿಟ್ಟ ಬಟ್ಟಲನ್ನು ತೊಳೆದು ನೀರು ಬದಲಿಸುತ್ತಿರಬೇಕು. ಮಕ್ಕಳು ಓಡಾಡುವ ದಾರಿ ತೆರವಾಗಿರಬೇಕು. ಸೌದೆಯ ರಾಶಿ, ಪೊದೆ ಬಾಗಿಲಿನಿಂದ ದೂರವಿರಬೇಕು. ಹಾವಿಗೂ ನಮಗೂ ಅದೇ ಕ್ಷೇಮ.

ಭಗವದ್ಗೀತೆಯ ನಾಲ್ಕನೆಯ ಅಧ್ಯಾಯ ಬಲ್ಲವರಿಗೆ ಇಲ್ಲಿ ಕರ್ಮದಲ್ಲಿ ಅಕರ್ಮವನ್ನು ಕಾಣುವ ಮಾತು ನೆನಪಾಗಬಹುದು. ಹೋಲಿಕೆ ಇದೆ, ಒಂದೇ ಅಲ್ಲ. ಗೀತೆಯ ಗಮನ ಮಾಡುವವನ ಒಳಗಿನ ಮೇಲಿದೆ: ಫಲದ ಆಸೆ, ಮಾಡುವವನು ನಾನೆಂಬ ಭಾವ ಹೋದರೆ ಕರ್ಮ ಕಟ್ಟಿಹಾಕುವುದಿಲ್ಲ. ವು ವೇಯ ಗಮನ ಎದುರಿಗಿರುವ ಜೀವದ ಮೇಲೂ ಇದೆ: ಅದರ ಸ್ವಭಾವ ಏನು, ಅದು ಎತ್ತ ಹೊರಟಿದೆ? ಹಿತ್ತಲಿಗೆ ಎರಡೂ ಬೇಕು. ಫಲದ ಆತುರ ಇಳಿದರೆ ಮಾತ್ರ ಎದುರಿನ ಜೀವ ಕಾಣುತ್ತದೆ.

ನಮ್ಮ ಜನ ಈ ತತ್ತ್ವವನ್ನು ಗ್ರಂಥ ಓದಿ ಕಲಿಯಬೇಕಾಗಿರಲಿಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಕರಾವಳಿಯ ಮನೆತನಗಳಿಗೆ ನಾಗಬನಗಳಿವೆ. ಅಲ್ಲಿ ಕೊಡಲಿ ಹಾಕಬಾರದು, ಸೌದೆ ಆಯಬಾರದು ಎಂಬುದೇ ಪೂಜೆಯ ಭಾಗ. ಮನುಷ್ಯನ ಕೈ ನಿಲ್ಲುವ ಜಾಗದಲ್ಲಿ ದೇವರಿದ್ದಾನೆ ಎಂಬ ನಂಬಿಕೆ ಅದು. ಈಚೆಗೆ ಹಲವೆಡೆ ಭಕ್ತಿಯಿಂದಲೇ ಬನದ ಮರ ಕಡಿದು ಕಾಂಕ್ರೀಟ್ ಕಟ್ಟೆ ಕಟ್ಟುತ್ತಿದ್ದೇವೆ. ಹುನ್‌ದುನ್‌ನ ಗೆಳೆಯರು ಮಾಡಿದ್ದು ಬೇರೇನಲ್ಲ.

ಇನ್ನು ಸಂತೋಷದ ಮಾತು. ಓರಣದ ತೋಟದಲ್ಲಿ ನನಗೆ ಕಾಣುವುದು ನನ್ನದೇ ಇಚ್ಛೆ. ಅಂದುಕೊಂಡದ್ದು ಅಂದುಕೊಂಡ ಹಾಗೆ ಬಂದರೆ ತೃಪ್ತಿಯಾಗುತ್ತದೆ, ಆದರೆ ಅದು ಅಲ್ಲಿಗೆ ಮುಗಿಯುತ್ತದೆ. ಮರುದಿನದಿಂದ ಅದನ್ನು ಹಾಗೆಯೇ ಉಳಿಸಿಕೊಳ್ಳುವ ಚಿಂತೆ. ಸಡಿಲವಾಗಿ ಬಿಟ್ಟ ಹಿತ್ತಲಿನಲ್ಲಿ ನಾನು ಬಯಸದೇ ಇದ್ದದ್ದು ಬಂದು ಎದುರಾಗುತ್ತದೆ. ಮೊದಲ ಮಳೆಗೆ ಗೋಡೆಯ ಬುಡದಲ್ಲಿ ತಾನಾಗಿ ಹುಟ್ಟಿದ ಗಣಿಕೆ ಸೊಪ್ಪು, ಬಚ್ಚಲ ನೀರು ಹರಿಯುವಲ್ಲಿ ಹಬ್ಬಿದ ಒಂದೆಲಗ, ಹುಲ್ಲು ತೆನೆಯಾದಾಗ ಗುಂಪಾಗಿ ಬರುವ ರಾಟವಾಳ ಹಕ್ಕಿ ಇವು ಯಾವುವೂ ನನ್ನ ಯೋಜನೆಯಲ್ಲಿರಲಿಲ್ಲ. ನನ್ನ ಅಪ್ಪಣೆಯಿಲ್ಲದೆ ಜಗತ್ತು ಚೆನ್ನಾಗಿ ನಡೆಯುತ್ತಿದೆ ಎಂದು ಕಣ್ಣಾರೆ ಕಾಣುವುದೇ ಒಂದು ಬಿಡುಗಡೆ. ಯಜಮಾನಿಕೆಯ ಭಾರ ಇಳಿಸಿದವನಿಗೆ ಸಿಗುವ ಈ ಹಗುರತನವನ್ನೇ ನಾನು ವು ವೇಯ ಆನಂದ ಎಂದು ತಿಳಿದಿದ್ದೇನೆ.

ಅಂದ ಹಾಳಾಗುವುದಿಲ್ಲವೇ ಎಂಬ ಅಳುಕು ಸಹಜ. ನೆರೆಯವರ ಕಣ್ಣಿಗೆ ಅದು ಪಾಳುಬಿಟ್ಟ ನಿವೇಶನದಂತೆ ಕಾಣಬಹುದು. ಆದರೆ ಅಂದವೆಂದರೆ ಸಾಲು ಮತ್ತು ಸಮತಟ್ಟು ಎಂಬುದು ನಾವು ರೂಢಿಸಿಕೊಂಡ ಒಂದು ರುಚಿ ಅಷ್ಟೆ. ರುಚಿ ಕಲಿತರೆ ಬದಲಾಗುತ್ತದೆ, ಕಲಿಸುವುದು ಪರಿಚಯ. ಗಣೇಶನ ಹಬ್ಬದ ಹಿಂದಿನ ದಿನ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ತರುವ ಗರಿಕೆ, ಎಕ್ಕದ ಹೂ ವರ್ಷವಿಡೀ ನಮ್ಮ ಬೇಲಿಯ ಪಕ್ಕದಲ್ಲಿ ಕಳೆಯೆಂದು ಕಿತ್ತುಹೋಗುತ್ತಿರುತ್ತವೆ. ಹೆಸರು ಗೊತ್ತಿಲ್ಲದ ಹಸಿರೆಲ್ಲ ನಮಗೆ ಕಳೆ; ಗುರುತಾದ ದಿನ ಅದೇ ಹಸಿರು ನೆಲನೆಲ್ಲಿ, ಹೊನಗೊನ್ನೆ, ತುಂಬೆ ಎಂದು ಬೇರೆಬೇರೆಯಾಗಿ ಎದ್ದು ನಿಲ್ಲುತ್ತದೆ.

ಹಾಗಾಗಿ ವು ವೇಯನ್ನು ಅಭ್ಯಾಸ ಮಾಡಲು ಬಯಸುವವರಿಗೆ ನಾನು ಹೇಳುವುದು ಒಂದೇ ನಿಯಮ: ಹೆಸರು ಗೊತ್ತಿಲ್ಲದ ಗಿಡವನ್ನು ಕೀಳಬೇಡಿ, ಹೆಸರು ಗೊತ್ತಿಲ್ಲದ ಹುಳುವನ್ನು ಕೊಲ್ಲಬೇಡಿ. ಮೊದಲು ಅದು ಯಾರು, ಏನು ತಿನ್ನುತ್ತದೆ, ಅದನ್ನು ಯಾರು ತಿನ್ನುತ್ತಾರೆ ಎಂದು ತಿಳಿದುಕೊಳ್ಳಿ. ತಿಳಿದ ಮೇಲೂ ಕೀಳಬೇಕು ಎನಿಸಿದರೆ ಕೀಳಿ. ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಕುಂಡದೊಳಗಿನ ಒಂದು ಕರಿಬೇವಿನ ಗಿಡ ಇದ್ದರೂ ಈ ನಿಯಮ ಪಾಲಿಸಬಹುದು. ಕೀಳಬೇಕಾದವು ನಾವೆಣಿಸಿದ್ದಕ್ಕಿಂತ ಬಹಳ ಕಡಿಮೆ ಎಂಬುದು ಒಂದೇ ಮಳೆಗಾಲದಲ್ಲಿ ತಿಳಿಯುತ್ತದೆ.