ಕಾರಣ ತಿಳಿಯದ ಸಾವು

ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳು ಈಚೆಗೆ ಫೋನಿನಲ್ಲಿ ಒಂದು ಸಾವಿನ ಸುದ್ದಿ ಹೇಳಿದಳು. ಸತ್ತದ್ದು ಮನುಷ್ಯರಲ್ಲ, ಅವಳ ಹತ್ತು ವರ್ಷದ ಮಗ ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ್ದ ಒಂದು ಹಲ್ಲಿ. ನಾನು ಮೊದಲು ನಕ್ಕೆ. ನಮ್ಮ ಮನೆಗಳಲ್ಲಿ ಹಲ್ಲಿಯೆಂದರೆ ಲೊಚಗುಟ್ಟಿ ಶಕುನ ಹೇಳುವ ಪ್ರಾಣಿ, ಪೊರಕೆಗೆ ಹೆದರಿ ಕ್ಯಾಲೆಂಡರಿನ ಹಿಂದೆ ಸರಿಯುವ ಪ್ರಾಣಿ. ಅದಕ್ಕಾಗಿ ಅತ್ತವರನ್ನು ನಾನು ಕಂಡಿಲ್ಲ. ಅಷ್ಟರಲ್ಲಿ ಹುಡುಗ ಫೋನು ಕಿತ್ತುಕೊಂಡು, "ಅಜ್ಜ, ಅದು ಯಾಕೆ ಸತ್ತಿತೋ ಯಾರಿಗೂ ಗೊತ್ತಿಲ್ಲವಂತೆ. ಹಾಗಾದರೆ ನಾನು ಏನು ತಪ್ಪು ಮಾಡಿದೆ?" ಎಂದು ಕೇಳಿದ. ನಗು ನಿಂತುಹೋಯಿತು. ಆ 'ಹಾಗಾದರೆ' ಎಂಬ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ. ಕಾರಣ ಗೊತ್ತಾಗಲಿಲ್ಲವಾದರೆ ತಪ್ಪು ನನ್ನದೇ ಇರಬೇಕು ಎಂಬುದು ತರ್ಕಕ್ಕೆ ನಿಲ್ಲುವ ಮಾತಲ್ಲ. ಆದರೂ ತಮ್ಮವರನ್ನು ಕಳೆದುಕೊಂಡವರು ರಾತ್ರಿ ತಮ್ಮೊಳಗೆ ಆಡಿಕೊಳ್ಳುವ ಮಾತು ಅದೇ ಅಲ್ಲವೆ?

ಆ ಪ್ರಾಣಿಯ ಹೆಸರು ಬಿಯರ್ಡೆಡ್ ಡ್ರ್ಯಾಗನ್. ಹೆಸರು ಭಯಂಕರ, ಸ್ವಭಾವ ಸಾಧು. ನಮ್ಮ ಬೇಲಿಯ ಮೇಲೆ ತಲೆಯಾಡಿಸುತ್ತ ಕೂರುವ ಓತಿಕೇತದ ಕುಟುಂಬದ್ದೇ. ಹೆದರಿದಾಗ ಗಂಟಲ ಕೆಳಗಿನ ಮುಳ್ಳುಮುಳ್ಳಾದ ಚರ್ಮವನ್ನು ಉಬ್ಬಿಸಿ ಕಪ್ಪಗೆ ಮಾಡಿಕೊಳ್ಳುತ್ತದೆ. ಅದೇ ಅದರ ಗಡ್ಡ. ತವರು ಆಸ್ಟ್ರೇಲಿಯದ ಒಳನಾಡಿನ ಒಣಭೂಮಿ. ವ್ಯಾಪಾರಕ್ಕಾಗಿ ತನ್ನ ಕಾಡುಪ್ರಾಣಿಗಳನ್ನು ಹೊರಗೆ ಕಳಿಸುವುದನ್ನು ಆ ದೇಶ ದಶಕಗಳ ಹಿಂದೆಯೇ ನಿಷೇಧಿಸಿದೆ. ಆದರೂ ಇಂದು ಅಮೆರಿಕ, ಯೂರೋಪುಗಳ ಮಕ್ಕಳ ಕೋಣೆಗಳಲ್ಲಿ ಇವು ತುಂಬಿವೆ: ಎಂದೋ ಸಾಗಿಹೋದವುಗಳ ಮೊಮ್ಮಕ್ಕಳು, ಮರಿಮಕ್ಕಳು; ಮರಳುಗಾಡನ್ನು ಕಾಣದೆ ಗಾಜಿನೊಳಗೇ ಹುಟ್ಟಿದವು.

ಇವು ಸಾಯಬಹುದಾದ ಬಗೆಗಳನ್ನು ಓದುತ್ತ ಹೋದಂತೆ ನನಗೆ ಒಂದು ಕಥೆ ಬಹಳ ಹಿಡಿಸಿತು. ಅಮೆರಿಕದ ಬೇಸಗೆಯ ಸಂಜೆಗಳಲ್ಲಿ ಮಿಂಚುಹುಳುಗಳು ಹೇರಳ. ಅವುಗಳ ಮೈಯಲ್ಲಿ ಕಪ್ಪೆಯ ವಿಷವನ್ನು ಹೋಲುವ, ಹೃದಯವನ್ನೇ ಹಿಡಿಯುವ ಒಂದು ನಂಜಿದೆ. ಅಲ್ಲಿನ ಹಲವು ಹಕ್ಕಿ ಹಲ್ಲಿಗಳು ಅದನ್ನು ಬಲ್ಲವು, ಮುಟ್ಟುವುದಿಲ್ಲ. ಬೇರೆ ಖಂಡದಿಂದ ಬಂದ ಈ ಡ್ರ್ಯಾಗನ್ನಿಗೆ ಆ ಅರಿವು ಎಲ್ಲಿಂದ ಬರಬೇಕು? ಮಿಣುಕುವುದನ್ನು ಕಂಡು ನುಂಗುತ್ತದೆ. ಬಾಯಿ ತೆರೆದು, ಮೈ ಕಪ್ಪಾಗಿ, ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಕೀಟವಿಜ್ಞಾನಿ ಥಾಮಸ್ ಐಸ್ನರ್ ಮತ್ತು ಸಂಗಡಿಗರು 1999ರಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೆ ಮೊದಲು ಒಂದು ಮಗು ಪ್ರೀತಿಯಿಂದ ಹಿತ್ತಲಿನ ಮಿಂಚುಹುಳುವನ್ನು ಹಿಡಿದು ತನ್ನ ಹಲ್ಲಿಗೆ ತಿನ್ನಿಸಿತ್ತು ಎನ್ನಿ. ಆ ಮಗು ತಪ್ಪು ಮಾಡಿತೆ? ಇಂದು ಇನ್ನೊಂದು ಮಗು ಅದನ್ನೇ ಮಾಡಿದರೆ? ಹುಳು ಅದೇ, ಹಲ್ಲಿ ಅದೇ, ಸಾವೂ ಅದೇ. ಹಲ್ಲಿಯ ಪಾಲಿಗೆ ಯಾವ ವ್ಯತ್ಯಾಸವೂ ಇಲ್ಲ. ನಮ್ಮ ಪಾಲಿಗೆ ಇದೆ: ತಿಳಿಯಲು ಸಾಧ್ಯವಿಲ್ಲದ್ದು ಒಂದು ಅಜ್ಞಾನ, ಕೇಳಿ ತಿಳಿಯಬಹುದಾಗಿದ್ದರೂ ಕೇಳದೆ ಬಿಟ್ಟದ್ದು ಇನ್ನೊಂದು.

ಉಳಿದ ಕಾರಣಗಳು ಇಷ್ಟು ಸ್ಪಷ್ಟವಲ್ಲ. ಈ ಪ್ರಾಣಿಗೆ ಬಿಸಿಲು ಕಾಯಲು ಸುಮಾರು 40 ಡಿಗ್ರಿ ಶಾಖದ ಜಾಗ ಬೇಕು, ನೇರಳಾತೀತ ಕಿರಣ ಬೇಕು. ಇಲ್ಲದಿದ್ದರೆ ತಿಂದ ಸುಣ್ಣದ ಅಂಶ ಮೈಗೆ ಹತ್ತದೆ ಮೂಳೆ ಮೆತ್ತಗಾಗುತ್ತದೆ. ಅದಕ್ಕೆಂದೇ ಹಾಕುವ ದೀಪ ಕೆಲವು ತಿಂಗಳಾದ ಮೇಲೆ ಕಣ್ಣಿಗೆ ಮೊದಲಿನಂತೆಯೇ ಉರಿಯುತ್ತಿರುತ್ತದೆ, ಕಾಣದ ಆ ಕಿರಣ ಮಾತ್ರ ಸೋತಿರುತ್ತದೆ. ಇನ್ನು ಅಡಿನೋವೈರಸ್. ಈ ಜಾತಿಯ ಹಲ್ಲಿಗಳಲ್ಲಿ 1982ರಷ್ಟು ಹಿಂದೆಯೇ ವರದಿಯಾದ ಸೋಂಕು. ಮರಿಗಳು ಸೊರಗಿ ಒಮ್ಮೆಗೇ ಸಾಯಬಹುದು. ದೊಡ್ಡವು ವರ್ಷಗಟ್ಟಲೆ ಚೆನ್ನಾಗಿಯೇ ಇದ್ದು ಬೇರೆಯವಕ್ಕೆ ಹಂಚಬಹುದು. ಇದನ್ನು ಗುಣಪಡಿಸುವ ಔಷಧವಿಲ್ಲ. ಇಷ್ಟು ಸಾಲದೆಂಬಂತೆ ಹಲ್ಲಿ ತನ್ನ ರೋಗವನ್ನು ಮುಚ್ಚಿಡುತ್ತದೆ. ಬಯಲಿನಲ್ಲಿ ಸೊರಗಿದ್ದನ್ನು ಗಿಡುಗ ಮೊದಲು ಎತ್ತುತ್ತದೆ. ಗಾಜಿನೊಳಗೆ ಗಿಡುಗವಿಲ್ಲ, ಆದರೂ ಅದು ಬಚ್ಚಿಡುತ್ತಲೇ ಇರುತ್ತದೆ, ಅದೂ ಕಾಪಾಡಬೇಕೆಂದು ಕಾದು ನಿಂತವನಿಂದಲೇ.

ಹೀಗಿರುವಾಗ ಸಾಕಿದವನ ಹೊಣೆ ಎಲ್ಲಿಯವರೆಗೆ? ನಾನು ಈ ಮಾತೆತ್ತಿದಾಗ ವಾಕಿಂಗಿನ ಗೆಳೆಯರೊಬ್ಬರು, "ಒಂದು ಹಲ್ಲಿಗೆ ಇಷ್ಟು ತತ್ತ್ವವೆ?" ಎಂದು ಚುಚ್ಚಿದರು. ಬೇಲಿಯ ಓತಿಕೇತ ಸತ್ತರೆ ಅದು ಯಾರ ತಪ್ಪೂ ಅಲ್ಲ. ಹಾವು, ಮಳೆ, ಕಾಗೆ ಎಲ್ಲವೂ ಅದರ ಲೋಕ. ಗಾಜಿನ ಪೆಟ್ಟಿಗೆಯೊಳಗಿನ ಹಲ್ಲಿಗಾದರೋ ಸೂರ್ಯನೂ ನಾವೇ, ಮಳೆಯೂ ನಾವೇ, ಆಹಾರವೂ ನಾವೇ. ಒಂದು ಜೀವದ ಲೋಕವನ್ನೆಲ್ಲ ಕೈಗೆತ್ತಿಕೊಂಡ ಮೇಲೆ, "ಕಾರಣ ತಿಳಿಯಲಿಲ್ಲ, ಆದ್ದರಿಂದ ನನಗೆ ಸಂಬಂಧವಿಲ್ಲ" ಎನ್ನುವ ದಾರಿ ಮುಚ್ಚಿಹೋಗುತ್ತದೆ. ತಪ್ಪಿಲ್ಲದೆಯೂ ಹೊಣೆಯಿರಬಹುದು ಎಂದು ನನಗನ್ನಿಸುತ್ತದೆ. ಇದನ್ನು ಹತ್ತು ವರ್ಷದ ಹುಡುಗನಿಗೆ ಹೇಗೆ ಹೇಳುವುದು?

ಹೇಳುವ ಸಂದರ್ಭ ತಾನಾಗಿಯೇ ಬಂತು. ಅವರ ಮನೆಯಲ್ಲಿ ಇನ್ನೊಂದು ಡ್ರ್ಯಾಗನ್ ಉಳಿದಿತ್ತು. ಬೇಸರಗೊಂಡ ತಾಯಿ ಅದನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಡಲು ಯೋಚಿಸಿದಳು. ಆ ಹುಡುಗಿಯ ಬಳಿ ಆಗಲೇ ಎರಡಿವೆ. "ಸತ್ತದ್ದರ ಪರೀಕ್ಷೆಗೆ ಅದನ್ನು ಕೊಂಡದ್ದಕ್ಕಿಂತ ಹೆಚ್ಚು ಖರ್ಚು, ಮಾಮ. ಗೊತ್ತಾದರೂ ಔಷಧವಿಲ್ಲ. ಮತ್ತೆ ನಮಗೇ ಗೊತ್ತಿಲ್ಲದ್ದನ್ನು ಅವರಿಗೆ ಹೇಳದಿದ್ದರೆ ಸುಳ್ಳು ಹೇಳಿದ ಹಾಗಾಯಿತೆ?" ಎಂದಳು. ಜಾಣ ಪ್ರಶ್ನೆ. ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ಮದುವೆಯ ಮಾತುಕತೆಯಲ್ಲಿ ನಾವೆಲ್ಲ ಆಶ್ರಯಿಸುವ ಪ್ರಶ್ನೆ. ನಾನು ಉತ್ತರ ಕೊಡಲಿಲ್ಲ. ಶವ ಎಲ್ಲಿದೆ ಎಂದಷ್ಟೇ ಕೇಳಿದೆ. ಫ್ರಿಜ್ಜಿನಲ್ಲಿ, ಒಂದು ಡಬ್ಬಿಯಲ್ಲಿ ಇತ್ತು. ಹೆಪ್ಪುಗಟ್ಟಿದರೆ ಅಂಗಾಂಶ ಕೆಟ್ಟು ಪರೀಕ್ಷೆಗೆ ತೊಡಕು, ತಣ್ಣಗಷ್ಟೇ ಇಡಬೇಕು ಎಂದು ಪಶುವೈದ್ಯರು ಹೇಳಿದ್ದನ್ನು ಹುಡುಗ ನೆನಪಿಟ್ಟು ಹಾಗೆಯೇ ಇಟ್ಟಿದ್ದನಂತೆ. ಇಟ್ಟವನು ಅವನು ಎಂದು ತಿಳಿದಾಗ ತಾಯಿ ಮರುಮಾತಾಡಲಿಲ್ಲ.

ಪರೀಕ್ಷೆ ಆಯಿತು. ಸಾವಿಗೆ ಖಚಿತ ಕಾರಣ ಸಿಕ್ಕಲಿಲ್ಲ ಎಂದು ವರದಿ. ಪಕ್ಕದ ಮನೆಯವರಿಗೆ ಅದನ್ನು ತೋರಿಸಿದರು. ಅವರು ಡ್ರ್ಯಾಗನ್ ಬೇಡವೆಂದರು. ಮೊನ್ನೆ ಹುಡುಗ ಮತ್ತೆ ಫೋನು ಮಾಡಿದ್ದ. ಹೊಸ ದೀಪ ಹಾಕಿದ್ದಾರಂತೆ, ವಾರಕ್ಕೊಮ್ಮೆ ಅಡುಗೆಯ ತಕ್ಕಡಿಯಲ್ಲಿ ತೂಗಿ ಬರೆದಿಡುತ್ತಾನಂತೆ. "ಇವತ್ತು ಐದು ಚಿಮ್ಮಂಡೆ ತಿಂದಿತು ಅಜ್ಜ" ಎಂದ.