ನಮ್ಮ ವಂಶಾವಳಿಯಲ್ಲಿ ಯಾರಿಗೆಲ್ಲ ಸ್ಥಳವಿದೆ?



ನಮ್ಮ ಹಳ್ಳಿಗಳಲ್ಲಿ ಹೆಳವರನ್ನು ಅರಿಯದ ಹಿರಿಯರಿಲ್ಲ. ಎತ್ತಿನೊಂದಿಗೆ ಮನೆಯ ಮುಂದೆ ನಿಂತು, ಆ ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರುಗಳ ಕ್ರಮದಲ್ಲಿ ಹೇಳಿ, ಕಾಳುಕಡಿ ಪಡೆದು ಹೋಗುವವರು ಅವರು. ಅಜ್ಜನ ಅಜ್ಜನ ಹೆಸರು ಕೇಳಿದಾಗ ಮನಸ್ಸು ಹಿಗ್ಗುತ್ತದೆ. ಅದು ಸಹಜ. ಆದರೆ ವಂಶವನ್ನು ಹುಡುಕುವುದು ಯಾತಕ್ಕಾಗಿ? ದೊಡ್ಡಸ್ತಿಕೆಗೋ, ಋಣ ಅರಿಯುವುದಕ್ಕೋ?

ಸುರಪುರದ ಟೇಲರ್ ಮಂಜಿಲ್ ನಿಮಗೆ ಗೊತ್ತು. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು 1841ರಿಂದ 1853ರವರೆಗೆ ಈ ಸಂಸ್ಥಾನದ ಆಡಳಿತ ನೋಡಿಕೊಂಡರು. ಅವರ ಮನೆತನದ ಕಥೆ ಬರೆಯಹೊರಟರೆ ಇಂಗ್ಲೆಂಡಿನಲ್ಲೇ ನಿಲ್ಲಲಾಗದು. ಅವರ ಪತ್ನಿ ಮೇರಿ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್ ಅವರ ಮಗಳು. ಪಾಮರ್ ಅವರ ತಾಯಿ ಫೈಜ್ ಬಕ್ಷ್ ಎಂಬ ಮುಸ್ಲಿಂ ಮಹಿಳೆ. ಟೇಲರ್ ಸಾಹೇಬರ ಮಕ್ಕಳಿಗೆ ಆಕೆ ಮುತ್ತಜ್ಜಿ! ಇನ್ನು ಸುರಪುರದ ರಾಜಾ ವೆಂಕಟಪ್ಪ ನಾಯಕರು ಬಾಲ್ಯದಲ್ಲಿ ಟೇಲರರನ್ನು ಕರೆಯುತ್ತಿದ್ದುದು ‘ಅಪ್ಪಾ’ ಎಂದೇ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು ಸೆರೆಯಾದಾಗಲೂ ಅವರು ನೆನೆದದ್ದು ಆ ಅಪ್ಪನನ್ನೇ. ರಕ್ತದ ಪಟ್ಟಿಯಲ್ಲಿ ಈ ಸಂಬಂಧ ಕಾಣುವುದಿಲ್ಲ. ಹಾಗೆಂದು ಅದು ಸುಳ್ಳೇ?

ಡಿಸೆಂಬರ್ 17ರ ಬಲಿಪೂಜೆಯಲ್ಲಿ ನಾವು ಸಂತ ಮತ್ತಾಯರು ಬರೆದ ಯೇಸುಸ್ವಾಮಿಯ ವಂಶಾವಳಿಯನ್ನು ಕೇಳುತ್ತೇವೆ. 14 ತಲೆಮಾರುಗಳಂತೆ ಮೂರು ಭಾಗ. ಅದರಲ್ಲಿ ಮಾವನಿಂದ ಮಕ್ಕಳನ್ನು ಪಡೆದ ತಾಮಾರಳಿದ್ದಾಳೆ, ವೇಶ್ಯೆಯಾಗಿದ್ದ ರಾಹಾಬಳಿದ್ದಾಳೆ, ಪರದೇಶದ ರೂತಳಿದ್ದಾಳೆ, ಊರೀಯನ ಹೆಂಡತಿಯಿದ್ದಾಳೆ. ಶುಭಸಂದೇಶಕಾರರು ಯಾರನ್ನೂ ಅಳಿಸಲಿಲ್ಲ. ಕೊನೆಗೆ ಪಟ್ಟಿ ಬಂದು ನಿಲ್ಲುವುದು ಯೇಸುವಿಗೆ ಜನ್ಮ ಕೊಡದ, ಆದರೆ ತಂದೆಯಾಗಿ ಸಾಕಿದ ಸಂತ ಜೋಸೆಫರ ಬಳಿಗೆ.

ನಾವೋ ಅಳಿಸುತ್ತೇವೆ. ನಮ್ಮ ಅನೇಕ ಕುಟುಂಬಗಳಲ್ಲಿ ಜ್ಞಾನಸ್ನಾನದ ದಾಖಲೆ ಆರಂಭವಾಗುವುದೇ ತಂದೆ ಅಥವಾ ಅಜ್ಜನಿಂದ. ಅದರ ಹಿಂದಿನವರ ಮಾತು ಬಂದರೆ ಮೌನ. ಗೌಡರ ಹೊಲದಲ್ಲಿ ಜೀತಕ್ಕಿದ್ದ ಮುತ್ತಜ್ಜನನ್ನು, ಬೇರೆ ದೇವರಿಗೆ ದೀಪ ಹಚ್ಚುತ್ತಿದ್ದ ಅಜ್ಜಿಯನ್ನು ಮುಚ್ಚಿಡುತ್ತೇವೆ. ನೆಂಟಸ್ತಿಕೆಯ ಮಾತು ಬಂದರಂತೂ ‘ಅವರು ಮೂಲತಃ ಯಾರ ಪೈಕಿ?’ ಎಂಬ ಪಿಸುಮಾತು. ಇದನ್ನು ಕೇಳಿ ಬೆಳೆದ ಮಗು ತನ್ನ ಹುಟ್ಟಿಗೇ ನಾಚುವುದನ್ನು ಕಲಿಯುತ್ತದೆ.

ಹುಟ್ಟು ಯಾರೂ ದುಡಿದು ಗಳಿಸಿದ್ದಲ್ಲ. ಗಳಿಸದಿದ್ದರ ಮೇಲೆ ಅಹಂಕಾರವೂ ಸಲ್ಲದು, ನಾಚಿಕೆಯೂ ಸಲ್ಲದು. ಅದು ದಾನ, ದಾನಕ್ಕೆ ತಕ್ಕ ಉತ್ತರ ಕೃತಜ್ಞತೆ. ಕೊನೆಯಿಲ್ಲದ ವಂಶಾವಳಿಗಳಲ್ಲಿ ಮುಳುಗಬೇಡಿರೆಂದು ಸಂತ ಪೌಲರು ತಿಮೊಥೇಯನಿಗೆ ಬರೆದದ್ದು ನಿಜ. ವಾದಕ್ಕೂ ಜಂಬಕ್ಕೂ ಎಳೆಯುವ ಹುಡುಕಾಟ ಬೇಡ ಎಂಬುದೇ ಆ ಎಚ್ಚರಿಕೆ. ಹಿರಿಯರ ತಪ್ಪುಗಳನ್ನು ಬೀದಿಯಲ್ಲಿ ಸಾರಬೇಕೆಂದೂ ಅಲ್ಲ. ಆದರೆ ತಂದೆತಾಯಿಯನ್ನು ಗೌರವಿಸು ಎಂಬ ನಾಲ್ಕನೆಯ ಕಟ್ಟಳೆ, ಅವರನ್ನು ಹೆತ್ತವರ ಹೊಸ್ತಿಲಲ್ಲಿ ನಿಂತುಬಿಡುವುದಿಲ್ಲ.

ನವೆಂಬರ್ 2ರಂದು ಧರ್ಮಸಭೆ ಸಕಲ ಮೃತರಿಗಾಗಿ ಪ್ರಾರ್ಥಿಸುತ್ತದೆ. ದೇವರೊಬ್ಬನೇ ಬಲ್ಲ ವಿಶ್ವಾಸವುಳ್ಳವರೂ ಆ ಪ್ರಾರ್ಥನೆಗೆ ಹೊರಗಲ್ಲ. ಆದ್ದರಿಂದ ಮನೆಯಲ್ಲಿ ಜಪಸರಕ್ಕೆ ಕುಳಿತಾಗ ಮಕ್ಕಳಿಗೆ ಹಿರಿಯರ ಹೆಸರುಗಳನ್ನು ಹೇಳಿಕೊಡಿ. ಜ್ಞಾನಸ್ನಾನ ಪಡೆದವರ ಹೆಸರು ಹೇಳಿ, ಪಡೆಯದವರ ಹೆಸರನ್ನೂ ಹೇಳಿ. ಹೆತ್ತವರ ಜೊತೆಗೆ ಸಾಕಿದವರನ್ನೂ ನೆನೆಯಿರಿ.