ಗುಳಿಗೆ ನುಂಗಿದವರ ಧೈರ್ಯ ಯಾರದು?

ಭಾಷೆಯ ವಿಷಯದಲ್ಲಿ ಬೆಳಗಾವಿ ಜಗಳದ ಊರೆಂದೇ ಹೆಸರಾಗಿದೆ. ಬಸ್ಸಿನ ಬೋರ್ಡಿಗೂ ಅಂಗಡಿಯ ಫಲಕಕ್ಕೂ ನಾವು ಬೀದಿಗಿಳಿದಿದ್ದೇವೆ. ಆದರೆ ಒಂದು ಶಬ್ದದ ಬಗ್ಗೆ ಇಲ್ಲಿಯ ಮೂರು ಭಾಷೆಗಳಿಗೂ ತಕರಾರಿಲ್ಲ. ಕನ್ನಡದವರು ಗಾಬರಿ ಎನ್ನುತ್ತಾರೆ, ಮರಾಠಿಯವರು ಘಾಬರಣೆ ಎನ್ನುತ್ತಾರೆ, ಉರ್ದು ಮಾತಾಡುವವರು ಘಬರಾಹಟ್ ಎನ್ನುತ್ತಾರೆ. ಖಡೇಬಜಾರಿನ ವ್ಯಾಪಾರಿಗೂ ಖಾನಾಪುರದ ಕುಂಬಾರನಿಗೂ ಎದೆ ಹೊಡೆದುಕೊಳ್ಳುವ ಆ ಸಂಕಟಕ್ಕೆ ಇರುವ ಹೆಸರು ಒಂದೇ. ಹೆಸರಿನಂತೆಯೇ ಅದನ್ನು ಬಚ್ಚಿಡುವ ರೀತಿಯೂ ಎಲ್ಲರಲ್ಲಿ ಒಂದೇ ಆಗಿದೆ.

ನಾವಿಲ್ಲಿ ಹೇಳುತ್ತಿರುವುದು ಪರೀಕ್ಷೆಯ ಮುನ್ನಾದಿನದ ಗಾಬರಿಯನ್ನಲ್ಲ. ಯಾವ ಕಾರಣವೂ ಕಾಣದೆ, ಕೂತಲ್ಲೇ ಎದೆ ಡವಡವ ಎನ್ನತೊಡಗುತ್ತದೆ. ಉಸಿರು ಸಿಕ್ಕಿಕೊಳ್ಳುತ್ತದೆ, ಕೈಕಾಲು ಜುಮ್ಮೆನ್ನುತ್ತದೆ, ಜೀವ ಈಗಲೇ ಹೋಯಿತು ಎನ್ನಿಸುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಮನೆಯವರು ಹೃದಯಾಘಾತವೆಂದು ಹೆದರಿ ದವಾಖಾನೆಗೆ ಒಯ್ಯುತ್ತಾರೆ. ಈಸಿಜಿ ಸರಿಯಾಗಿರುತ್ತದೆ. 'ಏನೂ ಆಗಿಲ್ಲ, ಧೈರ್ಯದಿಂದ ಇರ್ರಿ' ಎಂದು ಹೇಳಿ ಕಳಿಸುತ್ತಾರೆ. ಏನೂ ಆಗಿಲ್ಲವೆಂದ ಮೇಲೆ ಆ ಮನುಷ್ಯನ ಪಾಡು ಇನ್ನೂ ಕಷ್ಟ. ತನಗೆ ಆದದ್ದನ್ನು ಹೇಳುವ ಹಕ್ಕನ್ನೂ ಅವನು ಕಳೆದುಕೊಳ್ಳುತ್ತಾನೆ. ಮತ್ತೆ ಯಾವಾಗ ಬಂದೀತೋ ಎಂಬ ಹೆದರಿಕೆಯಲ್ಲಿ ಮೊದಲು ಬಸ್ಸು ಬಿಡುತ್ತಾನೆ, ಆಮೇಲೆ ಸಂತೆ, ಮದುವೆ, ಶುಕ್ರವಾರದ ಜಮಾತು, ಜಾತ್ರೆ, ಕೊನೆಗೆ ಅಂಗಳವನ್ನೂ ಬಿಡುತ್ತಾನೆ.

ಇದು ಕಾಯಿಲೆಯೆಂದು ಒಪ್ಪಲು ವೈದ್ಯಲೋಕವೇ ತಡಮಾಡಿತು. ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯಲ್ಲಿ 'ಪ್ಯಾನಿಕ್ ಡಿಸಾರ್ಡರ್' ಎಂಬ ಪ್ರತ್ಯೇಕ ಹೆಸರು ಸೇರಿಸಿದ್ದು 1980ರಲ್ಲಿ. ನಮ್ಮ ಕಡೆ ಮನಸ್ಸಿನ ದವಾಖಾನೆಯೆಂದರೆ ಬಹುಕಾಲ ಧಾರವಾಡವೊಂದೇ ಆಗಿತ್ತು. 1845ರಲ್ಲಿ ಆರಂಭವಾದ ಆ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಬೋಧನಾ ಸಂಸ್ಥೆಯಾಗಿ ಬೆಳೆದಿದೆ. ಆದರೂ 'ಇವನ್ನ ಧಾರವಾಡಕ್ಕ ಕಳಸಬೇಕು ನೋಡ್ರಿ' ಎಂಬ ಚೇಷ್ಟೆ ನಮ್ಮ ಬಾಯಿಂದ ಹೋಗಿಲ್ಲ. ಇದೊಂದು ಚೇಷ್ಟೆ ಎಷ್ಟು ಜನರನ್ನು ಚಿಕಿತ್ಸೆಯಿಂದ ದೂರ ಇಟ್ಟಿರಬಹುದು? 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆಯಿದೆ, ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆದಿಲ್ಲ.

ಇಂಥವರು ಕೊನೆಗೂ ಧೈರ್ಯ ಮಾಡಿ ವೈದ್ಯರ ಹತ್ತಿರ ಹೋಗಿ, ಚೀಟಿ ಹಿಡಿದು ಮನೆಗೆ ಬರುತ್ತಾರೆ. ಅಲ್ಲಿಂದ ಎರಡನೆಯ ಸಂಕಟ ಶುರುವಾಗುತ್ತದೆ. ಈ ಗುಳಿಗೆ ನುಂಗಬೇಕೇ, ಬೇಡವೇ? ನುಂಗಿದರೆ ನಾನು ಸೋತಂತಲ್ಲವೇ? ಮನೆಯ ಹಿರಿಯರು 'ನಮಾಜ್ ಸರಿಯಾಗಿ ಮಾಡು, ಎಲ್ಲಾ ಹೋಗ್ತದ' ಎನ್ನುತ್ತಾರೆ. ಪಕ್ಕದ ಮನೆಯವರು 'ಒಂದು ಹರಕೆ ಕಟ್ಟಿಕೋ' ಎನ್ನುತ್ತಾರೆ. ಓದಿದ ಮಗ 'ವಿಲ್ ಪವರ್ ಬೇಕವ್ವಾ' ಎನ್ನುತ್ತಾನೆ. ಮೂವರ ಮಾತಿನ ಹುರುಳು ಒಂದೇ: ನಿನ್ನ ಕಾಯಿಲೆ ನಿನ್ನದೇ ಕೊರತೆ. ಒಬ್ಬರಿಗೆ ಅದು ವಿಶ್ವಾಸದ ಕೊರತೆ, ಇನ್ನೊಬ್ಬರಿಗೆ ಭಕ್ತಿಯದು, ಮತ್ತೊಬ್ಬರಿಗೆ ಇಚ್ಛಾಶಕ್ತಿಯದು.

ಧರ್ಮದ ಹೆಸರಿನಲ್ಲಿ ಹೀಗೆ ಹೇಳುವವರು ತಮ್ಮದೇ ಪರಂಪರೆಯನ್ನು ಮರೆತಿದ್ದಾರೆ. ಒಂಟೆಯನ್ನು ಮೊದಲು ಕಟ್ಟು, ಆಮೇಲೆ ದೇವರಲ್ಲಿ ಭರವಸೆಯಿಡು ಎಂಬ ಪ್ರವಾದಿಯವರ ಬೋಧನೆ ನಮ್ಮ ಮಕ್ಕಳಿಗೂ ಗೊತ್ತು. ಜ್ವರ ಬಂದಾಗ ಒಂಟೆ ಕಟ್ಟುವ ನಾವು ಗಾಬರಿ ಬಂದಾಗ ಮಾತ್ರ ಹಗ್ಗವನ್ನು ಮುಟ್ಟಬಾರದೆಂದು ಯಾಕೆ ಹೇಳಬೇಕು? ಸಾವಿರ ವರ್ಷಗಳ ಹಿಂದೆ ಬಲ್ಖ್‌ನ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸುಗಳ ಆರೋಗ್ಯದ ಬಗ್ಗೆ ಒಂದೇ ಗ್ರಂಥ ಬರೆದ. ಕ್ರಿ.ಶ. 934ರಲ್ಲಿ ತೀರಿಕೊಂಡ ಆತ ಕೋಪ, ದುಃಖ, ಮರಳಿ ಮರಳಿ ಕಾಡುವ ಯೋಚನೆಗಳ ಜೊತೆಗೆ ಭಯವನ್ನೂ ಚಿಕಿತ್ಸೆ ಬೇಡುವ ಸಂಗತಿಯೆಂದು ಎಣಿಸಿದ್ದ. ಅದನ್ನು ಈಮಾನಿನ ದೋಷವೆಂದು ತಳ್ಳಿಹಾಕಲಿಲ್ಲ. ನಮ್ಮ ಹಿರಿಯ ಹೆಣ್ಣುಮಕ್ಕಳು ಇದನ್ನೇ ಎರಡು ಶಬ್ದಗಳಲ್ಲಿ ಹೇಳುತ್ತಾರೆ: ದವಾ ಭೀ, ದುವಾ ಭೀ. ಔಷಧವೂ ಇರಲಿ, ಪ್ರಾರ್ಥನೆಯೂ ಇರಲಿ.

ಇಲ್ಲಿಗೆ ವಾದ ಮುಗಿಯಿತೆಂದು ಅನೇಕರು ತಿಳಿಯುತ್ತಾರೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಳ್ಳುವುದಿಲ್ಲವೇ, ಇದೂ ಹಾಗೆಯೇ ಎನ್ನುತ್ತಾರೆ. ಸಮಾಧಾನಕ್ಕೆ ಈ ಹೋಲಿಕೆ ಒಳ್ಳೆಯದು, ಆದರೆ ಪೂರ್ತಿ ನಿಜವಲ್ಲ. ಇನ್ಸುಲಿನ್ ತೆಗೆದುಕೊಂಡವನು 'ಈಗ ಬದುಕುತ್ತಿರುವುದು ನಾನೋ, ಸೂಜಿಯೋ' ಎಂದು ಕೇಳಿಕೊಳ್ಳುವುದಿಲ್ಲ. ಗಾಬರಿಗೆ ಗುಳಿಗೆ ನುಂಗಿದವಳು ಕೇಳಿಕೊಳ್ಳುತ್ತಾಳೆ. ಆ ಪ್ರಶ್ನೆಯನ್ನು ಅಜ್ಞಾನವೆಂದು ನಗಬಾರದು. ಅದೊಂದು ನೈತಿಕ ಪ್ರಶ್ನೆ.

ಖಾನಾಪುರದ ಬಳಿಯ ಹಳ್ಳಿಯ ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ. ಮಗಳನ್ನು ಕಾಲೇಜಿಗೆ ಸೇರಿಸಲು ಅವಳು ಬೆಳಗಾವಿಗೆ ಹೋಗಬೇಕು. ದಾರಿ ಸುಮಾರು 25 ಕಿ.ಮೀ. ಎರಡು ವರ್ಷದಿಂದ ಅವಳು ಬಸ್ಸು ಹತ್ತಿಲ್ಲ. ಅವಳ ಮುಂದೆ ಎರಡು ಬಗೆಯ ಗುಳಿಗೆಗಳಿವೆ. ಒಂದು, ಆಲ್ಪ್ರಜೋಲಂ, ಕ್ಲೋನಜೆಪಾಂ ಜಾತಿಯದು. ನುಂಗಿದ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಎದೆ ಶಾಂತವಾಗುತ್ತದೆ. ಇನ್ನೊಂದು, ಎಸಿಟಾಲೋಪ್ರಾಂ, ಸರ್ಟ್ರಾಲೀನ್ ಜಾತಿಯದು. ಇದು ಕೆಲಸ ಮಾಡಲು ಎರಡರಿಂದ ಆರು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುತ್ತದೆ, ನಿದ್ದೆ ಕೆಡುತ್ತದೆ, ಕೆಲವರಿಗೆ ಗಾಬರಿಯೇ ತುಸು ಹೆಚ್ಚಾಗುತ್ತದೆ.

ಬಡವರಿಗೆ, ಅವಸರದವರಿಗೆ ಮೊದಲನೆಯದೇ ಹಿತವೆನಿಸುವುದು ಸಹಜ. ತುರ್ತು ಸಂದರ್ಭದಲ್ಲಿ, ಕೆಲವೇ ದಿನಗಳ ಮಟ್ಟಿಗೆ, ವೈದ್ಯರ ಕಣ್ಣಳತೆಯಲ್ಲಿ ಅದಕ್ಕೆ ಜಾಗವೂ ಇದೆ. ಆದರೆ ತಿಂಗಳುಗಟ್ಟಲೆ ನುಂಗಿದರೆ ದೇಹ ಅದಕ್ಕೆ ಒಗ್ಗಿಕೊಂಡು ಹೆಚ್ಚು ಕೇಳುತ್ತದೆ. ತಟ್ಟನೆ ಬಿಟ್ಟರೆ ಗಾಬರಿ ಮೊದಲಿಗಿಂತ ಜೋರಾಗಿ ಮರಳುತ್ತದೆ, ಫಿಟ್ಸ್ ಬರುವ ಅಪಾಯವೂ ಇದೆ. ಸೆರೆಯ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಅದಕ್ಕೇ ಆಲ್ಪ್ರಜೋಲಂ ಅನ್ನು ಸರ್ಕಾರ 2014ರಲ್ಲಿ ಜಾರಿಗೆ ಬಂದ 'ಎಚ್-1' ಪಟ್ಟಿಗೆ ಸೇರಿಸಿದೆ. ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಬರೆದಿಡಬೇಕು. ಆದರೂ ನಾದಿನಿಯ ಡಬ್ಬಿಯಿಂದ ಅತ್ತಿಗೆಯ ಸೆರಗಿಗೆ 'ನಿದ್ದಿ ಗುಳಿಗಿ' ದಾಟುವುದು ನಿಂತಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಮಾತೊಂದಿದೆ. ಪ್ರತಿಸಲ ಬಸ್ಸು ಹತ್ತುವ ಮೊದಲು ತಕ್ಷಣದ ಗುಳಿಗೆ ನುಂಗಿದ ತಾಯಿ ಬೆಳಗಾವಿ ಮುಟ್ಟುತ್ತಾಳೆ ನಿಜ. ಆದರೆ ಅವಳ ಮನಸ್ಸು ಕಲಿತ ಪಾಠ, 'ಗುಳಿಗೆ ಇತ್ತು, ಬದುಕಿದೆ' ಎಂಬುದು. ಚೀಲದಲ್ಲಿ ಗುಳಿಗೆ ಇಲ್ಲದ ದಿನ ಅವಳು ಮತ್ತೆ ಹೊಸ್ತಿಲಲ್ಲೇ ನಿಲ್ಲುತ್ತಾಳೆ. ನಿಧಾನದ ಗುಳಿಗೆ ಇಂಥ ಸಾಲ ಕೊಡುವುದಿಲ್ಲ. ಅದು ಭಯದ ಸದ್ದನ್ನು ಕೊಂಚ ಇಳಿಸುತ್ತದೆ, ಬಸ್ಸು ಮಾತ್ರ ಅವಳೇ ಹತ್ತಬೇಕು. 1960ರ ಸುಮಾರಿಗೆ ಅಮೆರಿಕದಲ್ಲಿ ಡೊನಾಲ್ಡ್ ಕ್ಲೈನ್ ಎಂಬ ವೈದ್ಯ ಇಮಿಪ್ರಮಿನ್ ಎಂಬ ಔಷಧ ಪ್ರಯೋಗಿಸಿದಾಗ ಇದೇ ಕಂಡುಬಂತು. ಸಾಯುತ್ತೇನೆಂದು ನರ್ಸುಗಳ ಬಳಿ ಓಡಿ ಬರುತ್ತಿದ್ದ ರೋಗಿ ಓಡಿ ಬರುವುದನ್ನು ನಿಲ್ಲಿಸಿದ. ಗುಣವಾಗಿದ್ದು ರೋಗಿಗಿಂತ ಮೊದಲು ನರ್ಸುಗಳಿಗೆ ಗೊತ್ತಾಯಿತು. ಏಕೆಂದರೆ ಗಾಬರಿಯ ಹೊಡೆತ ನಿಂತರೂ 'ಮತ್ತೆ ಬಂದೀತು' ಎಂಬ ಹೆದರಿಕೆ ಅವನಲ್ಲಿ ಉಳಿದೇ ಇತ್ತು. ಆ ಹೆದರಿಕೆಯನ್ನು ಮನುಷ್ಯ ಹೆಜ್ಜೆಹೆಜ್ಜೆಯಾಗಿ ತಾನೇ ದಾಟಬೇಕು. ಮಾತಿನ ಚಿಕಿತ್ಸೆ ಕಲಿಸುವುದೂ ಇದನ್ನೇ. ಆದ್ದರಿಂದ ನಮ್ಮ ಪ್ರಶ್ನೆಗೆ ಉತ್ತರ ಹೀಗಿದೆ: ಗುಳಿಗೆ ಧೈರ್ಯ ಕೊಡುವುದಿಲ್ಲ, ಧೈರ್ಯ ಕಲಿಯಲು ಬೇಕಾದ ಬಿಡುವು ಕೊಡುತ್ತದೆ. ಆ ಬಿಡುವಿನಲ್ಲಿ ಇಟ್ಟ ಹೆಜ್ಜೆ ಆ ತಾಯಿಯದೇ.

ಆದರೆ ಬಿಡುವು ದಕ್ಕಬೇಕಾದರೆ ಅವಳಿಗೆ ಎಲ್ಲವನ್ನೂ ಮೊದಲೇ ಹೇಳಿರಬೇಕು. ಮೊದಲ ವಾರ ಕಷ್ಟವಿರುತ್ತದೆ ಎಂದು ಹೇಳದ ಕಾರಣಕ್ಕೆ ಎಷ್ಟೋ ಜನ ಐದನೆಯ ದಿನವೇ 'ಇದರಿಂದಲೇ ಹೆಚ್ಚಾಯಿತು' ಎಂದು ಗುಳಿಗೆ ಎಸೆಯುತ್ತಾರೆ. ಅರ್ಧ ಗುಳಿಗೆಯಿಂದ ಶುರುಮಾಡಿ ಏರಿಸಬಹುದೆಂದು ಅವರಿಗೆ ತಿಳಿದಿರುವುದಿಲ್ಲ. ದಾಂಪತ್ಯದ ಆಸೆ ಕುಗ್ಗಬಹುದು ಎಂಬುದನ್ನು ವೈದ್ಯರು ನಾಚಿಕೊಂಡು ಹೇಳುವುದಿಲ್ಲ, ರೋಗಿ ನಾಚಿಕೊಂಡು ಕೇಳುವುದಿಲ್ಲ. ಗುಣವಾದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಿ ನಿಧಾನಕ್ಕೆ ಇಳಿಸಬೇಕು ಎಂಬುದು ಗೊತ್ತಿಲ್ಲದೆ ಹಬ್ಬದ ಹಿಂದಿನ ದಿನ ನಿಲ್ಲಿಸಿಬಿಡುತ್ತಾರೆ. ರಮಝಾನ್ ಬಂತೆಂದು ತಾವೇ ಗುಳಿಗೆ ಬಿಡುವವರೂ ಇದ್ದಾರೆ. ದಿನಕ್ಕೊಂದೇ ನುಂಗುವ ಗುಳಿಗೆಯ ವೇಳೆಯನ್ನು ಇಫ್ತಾರಿಗೋ ಸಹರಿಗೋ ಹೊಂದಿಸಿಕೊಡಿ ಎಂದು ಕೇಳಿದರೆ ಯಾವ ವೈದ್ಯರೂ ಇಲ್ಲವೆನ್ನಲಾರರು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ ಚಿಕಿತ್ಸೆಯ ಬಗ್ಗೆ, ಅದರ ಅಡ್ಡಪರಿಣಾಮಗಳ ಬಗ್ಗೆ ತಿಳಿದುಕೊಳ್ಳುವುದನ್ನು ರೋಗಿಯ ಹಕ್ಕೆಂದು ಬರೆದಿದೆ. ಆದರೆ ಎರಡು ನಿಮಿಷಕ್ಕೊಬ್ಬ ರೋಗಿಯನ್ನು ನೋಡುವ ಕೋಣೆಯಲ್ಲಿ, ಮರಾಠಿಯಲ್ಲಿ ಹೇಳಿಕೊಂಡ ಸಂಕಟಕ್ಕೆ ಇಂಗ್ಲಿಷಿನಲ್ಲಿ ಚೀಟಿ ಬರೆದರೆ ಆ ಹಕ್ಕು ಯಾರಿಗೆ ದಕ್ಕೀತು?

ಇನ್ನೊಂದು ಆಕ್ಷೇಪವಿದೆ, ಅದು ಎಲ್ಲಕ್ಕಿಂತ ಗಂಭೀರವಾದದ್ದು. ಭಯಕ್ಕೆ ನಿಜವಾದ ಕಾರಣವೇ ಇದ್ದರೆ? ಕಿರುಸಾಲದ ಕಂತಿನವರು ಬಾಗಿಲಿಗೆ ಬಂದು ಕೂರುವ ಕಾಟ ಬೆಳಗಾವಿ ಜಿಲ್ಲೆಯಲ್ಲಿ ಎಷ್ಟಿತ್ತೆಂಬುದನ್ನು ನಾವು ನೋಡಿದ್ದೇವೆ. ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಂತಿನ ದಿನ ಎದೆ ಹೊಡೆದುಕೊಳ್ಳುವ ಹೆಣ್ಣುಮಗಳಿಗೆ, ಕುಡಿದು ಬಡಿಯುವ ಗಂಡನ ಹೆಜ್ಜೆಸದ್ದಿಗೆ ನಡುಗುವವಳಿಗೆ ಗುಳಿಗೆ ಕೊಟ್ಟು ಶಾಂತಗೊಳಿಸುವುದು ಅನ್ಯಾಯದ ಬಾಯಿ ಮುಚ್ಚಿಸಿದಂತಲ್ಲವೇ?

ಹೌದು, ಗುಳಿಗೆ ಕೊಟ್ಟು ಕೈತೊಳೆದುಕೊಂಡರೆ ಅದು ಅನ್ಯಾಯಕ್ಕೆ ಕೊಟ್ಟ ಸಹಕಾರವೇ. ಆದರೆ 'ಅವಳ ಕಾಯಿಲೆ ಸಾಮಾಜಿಕವಾದದ್ದು, ಗುಳಿಗೆ ಯಾಕೆ' ಎನ್ನುವ ನಾವೂ ನಿರಪರಾಧಿಗಳಲ್ಲ. ಸಮಾಜ ಬದಲಾಗುವವರೆಗೆ ಅವಳು ನಿದ್ದೆಗೆಟ್ಟು ಕೂತಿರಬೇಕೆಂದು ಹೇಳಲು ನಾವು ಯಾರು? ಮೂರು ರಾತ್ರಿ ನಿದ್ದೆಯಿಲ್ಲದವಳು ಠಾಣೆಯ ಮೆಟ್ಟಿಲು ಹತ್ತಲಾರಳು, ಸಂಘದ ಸಭೆಯಲ್ಲಿ ಎದ್ದು ನಿಂತು ಮಾತಾಡಲಾರಳು. ಅವಳಿಗೆ ಗುಳಿಗೆಯೂ ಬೇಕು, ನ್ಯಾಯವೂ ಬೇಕು. ಗುಳಿಗೆಯನ್ನು ವೈದ್ಯರು ಬರೆಯುತ್ತಾರೆ. ನ್ಯಾಯದ ಚೀಟಿ ಬರೆಯಬೇಕಾದವರು ನಾವು.

ನಮ್ಮ ಪಾಲಿನ ಕೆಲಸ ದೊಡ್ಡದೇನಲ್ಲ. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬಂದು ನೋಡಲೆಂದು ರಾಜ್ಯ 'ಮನೋಚೈತನ್ಯ' ಕಾರ್ಯಕ್ರಮ ರೂಪಿಸಿತು. ಅದು ಖಾನಾಪುರದಲ್ಲಿ ತಪ್ಪದೆ ನಡೆಯುವಂತೆ ಕೇಳುವುದು ನಮ್ಮ ಕೆಲಸ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮಸೀದಿಯ, ಮಂದಿರದ, ಶಾಲೆಯ ಗೋಡೆಗೆ ಅಂಟಿಸುವುದು ನಮ್ಮ ಕೆಲಸ. ಹೆಣ್ಣು ನೋಡಲು ಹೋದಾಗ 'ಹುಡುಗಿ ಗುಳಿಗಿ ತಗೋತಾಳಂತ' ಎಂಬ ಪಿಸುಮಾತು ಎದ್ದರೆ, 'ತಗೊಳ್ಳಲಿ ಬಿಡ್ರಿ, ನನ್ನ ಬಿಪಿ ಗುಳಿಗಿ ನಾ ತಗೊಳ್ಳಂಗಿಲ್ಲೇನು' ಎಂದು ಒಬ್ಬರಾದರೂ ಗಟ್ಟಿಯಾಗಿ ಹೇಳಬೇಕು. ಅಕ್ಕಿ ಡಬ್ಬಿಯಲ್ಲಿ ಅಡಗಿರುವ ಗುಳಿಗೆಯ ಪಟ್ಟಿ ಅಡುಗೆಮನೆಯ ಕಪಾಟಿಗೆ, ಬಿಪಿ ಗುಳಿಗೆಯ ಪಕ್ಕಕ್ಕೆ ಬರಬೇಕು. ಅದು ಬರುವವರೆಗೆ ಧೈರ್ಯ ಕಲಿಯಬೇಕಾದವರು ಕಾಯಿಲೆಯವರಲ್ಲ, ನಾವು.